ಉಮೇದುವಾರ ಅಡಿಗರು

ಹೊಸಗನ್ನಡ ಕಾವ್ಯದ ವಿಚಾರವಾಗಿ ನಾಲ್ಕು ಮಾತು ಆಡಬಲ್ಲವರೆಲ್ಲರೂ ಮೊಗೇರಿ ಗೋಪಾಲಕೃಷ್ಣ ಅಡಿಗರ ಹೆಸರನ್ನು ಬಲ್ಲರು. ‘ಚಂಡೆಮದ್ದಳೆ’, ‘ಭೂಮಿಗೀತ’ ಎಂಬ ಹೆಸರುಗಳನ್ನು ಪರೀಕ್ಷೆಗೆಂದಾದರೂ ಬಾಯಿಪಾಠ ಮಾಡಿದವರು ಸಾವಿರಾರು ಮಂದಿ. ಆದರೆ ಅದೇ ಅಡಿಗರು 1971ರ ಮಾರ್ಚಿ ತಿಂಗಳಲ್ಲಿ ಭಾರತೀಯ ಜನಸಂಘದ ಉಮೇದುವಾರರಾಗಿ ಬೆಂಗಳೂರಿನಿಂದ ಲೋಕಸಭೆಗೆ ನಿಂತರು, ಕೆಂಗಲ್ ಹನುಮಂತಯ್ಯನವರ ಎದುರು ಸೋತರು ಎಂಬ ಸಂಗತಿಯನ್ನೆತ್ತಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಕಾವ್ಯಪ್ರಿಯರಿಗೆ ಅದೊಂದು ಮುಜುಗರ. ಮದುವೆಮನೆಯಲ್ಲಿ ಹಳೆಯ ಆಸ್ತಿವ್ಯಾಜ್ಯದ ನೆನಪು ಬಂದ ಹಾಗೆ. ರಾಜಕಾರಣಿಗಳಿಗೋ, ಸೋತ ಚುನಾವಣೆಯೆಂದರೆ ಹೋದ ವರ್ಷದ ಪಂಚಾಂಗ. ಹೀಗಾಗಿ ಈ ಪ್ರಸಂಗ ಸಾಹಿತ್ಯಚರಿತ್ರೆಯಲ್ಲಿ ಒಂದು ಸಾಲಾಗಿ, ಚುನಾವಣೆಯ ಕಾಗದಪತ್ರಗಳಲ್ಲಿ ಒಂದು ಅಂಕಿಯಾಗಿ ಉಳಿದುಕೊಂಡಿದೆ. ಆ ಸಾಲನ್ನೂ ಆ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಅಂದಿನ ಬೆಂಗಳೂರಿನ ವಿಚಾರವಾಗಿ, ಸಂಪ್ರದಾಯಪರ ರಾಜಕಾರಣದ ವಿಚಾರವಾಗಿ ಕೆಲವು ಕುತೂಹಲದ ವಿಷಯಗಳು ತಿಳಿದುಬರುತ್ತವೆ.

ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ಸೀಮೆಯ ಮೊಗೇರಿಯಲ್ಲಿ, ವೈದಿಕ ಮನೆತನದಲ್ಲಿ. ಅವರ ಮೊದಲ ಸಂಗ್ರಹ ‘ಭಾವತರಂಗ’ ಹೊರಬಂದದ್ದು 1946ರಲ್ಲಿ. ಎರಡು ವರ್ಷದ ಮೇಲೆ ‘ಕಟ್ಟುವೆವು ನಾವು’. ಈ ಎರಡನೆಯ ಪುಸ್ತಕದ ಹೆಸರಿನ ಹಾಡು ಯಾರ ಬಾಯಲ್ಲಿ ನೆಲೆನಿಂತಿತು ಎಂಬುದನ್ನು ಗಮನಿಸಬೇಕು. ಜನಸಂಘವಿರಲಿ, ಅದರ ಹೆಸರೂ ಆಗ ಇರಲಿಲ್ಲ. ಆ ಪಕ್ಷ ಹುಟ್ಟಿದ್ದೇ 1951ರ ಅಕ್ಟೋಬರಿನಲ್ಲಿ. ಹಾಡನ್ನು ಎತ್ತಿಕೊಂಡವರು ಮಲೆನಾಡಿನ ಸಮಾಜವಾದಿ ತರುಣರು, ಗೇಣಿದಾರರ ಪರವಾಗಿ ಸಭೆ ಕೂಡಿಸುತ್ತಿದ್ದವರು. ಆ ತರುಣರ ನಾಯಕರಾದ ಶಾಂತವೇರಿ ಗೋಪಾಲಗೌಡರು ಅಡಿಗರ ಸ್ನೇಹಿತರು. ಹೊಸ ನಾಡೊಂದನ್ನು ಕಟ್ಟುವ ಹಾಡು ಬರೆದ ಕವಿ ಇಪ್ಪತ್ತಮೂರು ವರ್ಷಗಳ ತರುವಾಯ ದೀಪದ ಗುರುತಿನ ಪಕ್ಷಕ್ಕೆ ಹೇಗೆ ಬಂದರು? ಇದನ್ನು ಜಾತಿಯ ಸೆಳೆತವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದವರುಂಟು. ಅಷ್ಟು ಸುಲಭವಾದ ಉತ್ತರದಲ್ಲಿ ನನಗೆ ನಂಬಿಕೆಯಿಲ್ಲ.

ಸ್ವಾತಂತ್ರ್ಯ ಬಂದ ಏಳು ವರ್ಷಕ್ಕೆ, 1954ರಲ್ಲಿ, ‘ಚಂಡೆಮದ್ದಳೆ’ ಬಂತು. ಅದರಲ್ಲಿರುವ ‘ಗೊಂದಲಪುರ’ ಓದಿದವರಿಗೆ ಕವಿಯ ಮನಸ್ಸು ಯಾವ ಕಡೆ ತಿರುಗಿತ್ತೆಂಬುದು ತಿಳಿಯದೆ ಇರದು. ಹಾಡಿನ ಲಯ ಮುರಿದಿದೆ, ಪ್ರಾಸ ಬಿದ್ದುಹೋಗಿದೆ, ನಾಡು ಕಟ್ಟುತ್ತೇವೆಂದು ಹೊರಟ ಮೆರವಣಿಗೆ ಸಂತೆಯಾಗಿದೆ. 1958ರಲ್ಲಿ ನೆಹರೂ ಅವರು ಪ್ರಧಾನಿಯ ಹೊಣೆಯಿಂದ ಬಿಡುಗಡೆ ಬೇಕೆಂದರು, ಪಕ್ಷದವರೆಲ್ಲ ಅಂಗಲಾಚಿದರು, ನೆಹರೂ ಉಳಿದರು. ಈ ಪ್ರಸಂಗವನ್ನು ಹಿಡಿದು ಅಡಿಗರು ಬರೆದ ‘ನೆಹರೂ ನಿವೃತ್ತರಾಗುವುದಿಲ್ಲ’ ಎಂಬ ಪದ್ಯ ಅಂದಿನ ಕಾಲಕ್ಕೆ ಧೈರ್ಯದ ಕೆಲಸವೇ ಸರಿ. ನೆಹರೂ ಎಂದರೆ ದೇಶಕ್ಕೆ ದೇಶವೇ ಕೈಮುಗಿಯುತ್ತಿದ್ದ ದಿನಗಳವು. ಒಬ್ಬನೇ ವ್ಯಕ್ತಿಯ ನೆರಳಿನಲ್ಲಿ ನಾಡಿನ ಹುಲ್ಲೂ ಬೆಳೆಯದ ಸ್ಥಿತಿ ಬರಬಾರದು ಎಂಬ ಆತಂಕ ಅವರಲ್ಲಿ ಆಗಲೇ ಬೇರುಬಿಟ್ಟಿತ್ತು. 1962ರಲ್ಲಿ ಚೀನದ ಸೇನೆ ಗಡಿ ದಾಟಿ ಬಂದ ಮೇಲೆ ಈ ಆತಂಕ ಅಡಿಗರದೊಬ್ಬರದೇ ಆಗಿ ಉಳಿಯಲಿಲ್ಲ.

ಇದರ ಜೊತೆಗೆ ಇನ್ನೊಂದು ಎಳೆ. ಅಡಿಗರ ಪೀಳಿಗೆಗೆ ಟಿ.ಎಸ್. ಎಲಿಯಟ್ ಗುರುಸ್ಥಾನದಲ್ಲಿದ್ದವರು. ಕಾವ್ಯದಲ್ಲಿ ಎಲ್ಲ ಹಳತನ್ನೂ ಮುರಿದ ಆ ಎಲಿಯಟ್ ರಾಜಕೀಯದಲ್ಲಿ ತಾನು ಅರಸೊತ್ತಿಗೆಯ ಪಕ್ಷಪಾತಿ, ಧರ್ಮದಲ್ಲಿ ಆಂಗ್ಲೋ-ಕ್ಯಾಥೊಲಿಕ್ ಎಂದು 1928ರಲ್ಲಿ ಬಹಿರಂಗವಾಗಿ ಸಾರಿಕೊಂಡರು. ಐರ್ಲೆಂಡಿನ ಯೇಟ್ಸ್ ಅಲ್ಲಿಯ ಸೆನೆಟಿನಲ್ಲಿ ಆರು ವರ್ಷ ಕೂತು ಜನಸಮೂಹದ ಆಳ್ವಿಕೆಯ ಬಗೆಗೆ ಗುಮಾನಿಯನ್ನೇ ಬೆಳೆಸಿಕೊಂಡರು. ಕವಿತೆಯ ರೂಪವನ್ನು ಒಡೆಯುವವನು ಸಮಾಜದ ರೂಪವನ್ನೂ ಒಡೆಯಲೇಬೇಕು ಎಂಬ ನಿಯಮವೇನೂ ಇಲ್ಲ. ಒಳಗಿನ ಬೇರು ಗಟ್ಟಿಯಾಗಿದ್ದರೆ ಮಾತ್ರ ಹೊರಗಿನ ಕೊಂಬೆ ಕಡಿಯುವ ಧೈರ್ಯ ಬರುತ್ತದೆ ಎಂದು ಅವರು ನಂಬಿದ್ದಿರಬೇಕು. ನಮ್ಮಲ್ಲಿ ನವ್ಯವೆಂದರೆ ಎಡಪಂಥವೆಂದೇ ತಿಳಿದಿದ್ದವರಿಗೆ ಇದು ಬಿಡಿಸಲಾಗದ ಒಗಟಾಯಿತು.

ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಪಾಠ ಹೇಳಿ, ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದು, 1968ರಲ್ಲಿ ಅಡಿಗರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಉಡುಪಿಗೆ ಆ ವರ್ಷ ಬೇರೊಂದು ಕಾರಣಕ್ಕೂ ಹೆಸರಾಗಿತ್ತು. ಅಲ್ಲಿಯ ಪುರಸಭೆಯನ್ನು ಜನಸಂಘ ಗೆದ್ದಿತ್ತು. ತರುಣ ವೈದ್ಯ ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಊರಿನಿಂದ ತೆಗೆದುಹಾಕಲು ಹೊರಟಿದ್ದರು. ಮರುವರ್ಷ ಅದೇ ಊರಿನಲ್ಲಿ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ನಡೆದು, ಪೇಜಾವರ ಮಠದ ವಿಶ್ವೇಶತೀರ್ಥರ ಮುಂದಾಳುತನದಲ್ಲಿ ಅಸ್ಪೃಶ್ಯತೆಯ ವಿರುದ್ಧ ನಿರ್ಣಯವಾಯಿತು. ಸಂಪ್ರದಾಯದ ಒಳಗಿನಿಂದಲೇ ಸುಧಾರಣೆ ಸಾಧ್ಯ ಎಂದು ನಂಬಲು ಬಯಸುವವನಿಗೆ ಆ ಎರಡು ವರ್ಷದ ಉಡುಪಿ ಒಳ್ಳೆಯ ಆಧಾರ ಒದಗಿಸುತ್ತಿತ್ತು. ಆದರೆ ಉಡುಪಿ ಬೇರೆ, ಬೆಂಗಳೂರು ಬೇರೆ. ಒಂದು ಪುರಸಭೆಯಲ್ಲಿ ಚರಂಡಿಯ ಲೆಕ್ಕ ಹೇಳಿ ಓಟು ಕೇಳಬಹುದು. ಪಾರ್ಲಿಮೆಂಟಿಗೆ ಕೇಳುವುದು ಬೇರೆ ಮಾತು.

ಈಗ ಬೆಂಗಳೂರಿಗೆ ಬರೋಣ. 1969ರ ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಬ್ಯಾಂಕುಗಳ ರಾಷ್ಟ್ರೀಕರಣದ ಮಾತಿದ್ದ ಇಂದಿರಾ ಗಾಂಧಿಯವರ ಟಿಪ್ಪಣಿ ಮೊದಲು ಬಂದದ್ದು ಇಲ್ಲಿಗೆ. ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರ ಹೆಸರು ಅವರ ಇಚ್ಛೆಗೆ ವಿರುದ್ಧವಾಗಿ ನಿಶ್ಚಯವಾದದ್ದೂ ಇಲ್ಲೇ. ಜುಲೈ 19ರಂದು 14 ಬ್ಯಾಂಕುಗಳು ಸರ್ಕಾರದವಾದವು. ನವೆಂಬರಿನಲ್ಲಿ ಕಾಂಗ್ರೆಸ್ಸು ಎರಡಾಯಿತು. ಒಡೆದ ಹಳೆಯ ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು; ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಕಡೆಯವರು. ಬಸವನಗುಡಿಯ ಜಗಲಿಗಳ ಮೇಲೆ ಕುಳಿತು ನೋಡಿದವರಿಗೆ ಇಂದಿರಾ ಅವರ ಕಾಂಗ್ರೆಸ್ಸು ಈ ರಾಜ್ಯದಲ್ಲಿ ಬೇರಿಲ್ಲದ ಗಿಡವೆಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಮಾಜಿ ಅರಸರ ರಾಜಧನವನ್ನು ನಿಲ್ಲಿಸಿದ ಆಜ್ಞೆಯನ್ನು 1970ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ರದ್ದುಮಾಡಿತು. ಹನ್ನೆರಡು ದಿನ ಕಳೆದು, ಇನ್ನೂ ಒಂದು ವರ್ಷದ ಆಯುಸ್ಸಿದ್ದ ಲೋಕಸಭೆಯೇ ವಿಸರ್ಜನೆಯಾಯಿತು.

ಎದುರು ಬಣದವರು ಕೂಡಿಕೊಂಡರು: ಹಳೆಯ ಕಾಂಗ್ರೆಸ್ಸು, ಜನಸಂಘ, ರಾಜಾಜಿಯವರ ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿಗಳು. ಹೆಸರು ಮಹಾಮೈತ್ರಿ. ಒಬ್ಬನಿಗೆ ಗೋರಕ್ಷಣೆ ಬೇಕು, ಒಬ್ಬನಿಗೆ ಲೈಸೆನ್ಸು-ಪರ್ಮಿಟ್ಟು ತೊಲಗಬೇಕು, ಒಬ್ಬನಿಗೆ ಹಿಂದುಳಿದವರಿಗೆ ಶೇಕಡಾ 60 ಪಾಲು ಬೇಕು, ಒಬ್ಬನಿಗೆ ಕಳೆದುಹೋದ ಪಕ್ಷದ ಕಚೇರಿ ಬೇಕು. ನಾಲ್ವರಿಗೂ ಸಾಮಾನ್ಯವಾದ ಬೇಡಿಕೆ ಒಂದೇ, ಇಂದಿರಾ ಹೋಗಬೇಕು. ಅದಕ್ಕೆ ಆಕೆ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು: ಅವರು ನನ್ನನ್ನು ತೊಲಗಿಸಬೇಕೆನ್ನುತ್ತಾರೆ, ನಾನು ಬಡತನವನ್ನು ತೊಲಗಿಸಬೇಕೆನ್ನುತ್ತೇನೆ. ಚುನಾವಣೆ ಅರ್ಧ ಮುಗಿದದ್ದು ಆ ಮಾತಿನಲ್ಲೇ.

ಅಡಿಗರು ಓಟು ಕೇಳಬೇಕಾಗಿದ್ದ ಊರು ಎಂಥದು? 1971ರ ಜನಗಣತಿಯ ಹೊತ್ತಿಗೆ ಬೆಂಗಳೂರಿನ ಜನಸಂಖ್ಯೆ 16 ಲಕ್ಷ ದಾಟಿತ್ತು. ಪದ್ಯ ಓದುವ ಬೆಂಗಳೂರೆಂದರೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ನರಸಿಂಹರಾಜ ಕಾಲೋನಿಯ ಕಡೆ ಡಿವಿಜಿಯವರ ಗೋಖಲೆ ಸಂಸ್ಥೆ, ಗವಿಪುರದಲ್ಲಿ ಮಾಸ್ತಿಯವರ ಮನೆ, ಮಲ್ಲೇಶ್ವರದ ಅಡ್ಡರಸ್ತೆಗಳು. ಚಾಮರಾಜಪೇಟೆ 1892ರ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು ತುಂಬಿದ್ದು 1898ರ ಪ್ಲೇಗು ಪೇಟೆಯನ್ನು ಬಡಿದ ಮೇಲೆ. ಈ ಬಡಾವಣೆಗಳಿಗೂ ಹಳೆಯ ಪೇಟೆಗೂ ಪಡುವಲಲ್ಲಿ, ರೈಲುಹಳಿಯ ಆಸುಪಾಸಿನಲ್ಲಿ, ಇನ್ನೊಂದು ಬೆಂಗಳೂರು ಇತ್ತು: ಬಿನ್ನಿಪೇಟೆ. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಮದರಾಸಿನ ಬಿನ್ನಿ ಕಂಪೆನಿ ವಹಿಸಿಕೊಂಡಿತು. ಆ ಕಂಪೆನಿಯ ಹೆಸರೇ ಪೇಟೆಯ ಹೆಸರಾಯಿತು. ಮಹಾಯುದ್ಧಗಳ ಕಾಲದಲ್ಲಿ ಸಿಪಾಯಿಗಳಿಗೆ ಹೊದೆಯಲು ಕಂಬಳಿ, ತೊಡಲು ಖಾಕಿ ಹೋದದ್ದು ಇಲ್ಲಿಂದ. ಗಿರಣಿಯ ಸಿಳ್ಳಿಗೆ ಎದ್ದು, ಸಿಳ್ಳಿಗೆ ಊಟಮಾಡಿ, ಸಿಳ್ಳಿಗೆ ಮನೆಗೆ ಮರಳುತ್ತಿದ್ದ ಸಂಸಾರಗಳು ಬಿನ್ನಿಪೇಟೆ, ಕಾಟನ್‌ಪೇಟೆ, ಮಾಗಡಿ ರಸ್ತೆಗಳ ಸಾಲುಮನೆಗಳಲ್ಲಿ ತುಂಬಿದ್ದವು. ಮನೆಮಾತು ಕೆಲವರದು ಕನ್ನಡ, ಕೆಲವರದು ತಮಿಳು, ಕೆಲವರದು ತೆಲುಗು, ಉರ್ದು. ಬಸವನಗುಡಿಯಿಂದ ಅಲ್ಲಿಗೆ ನಡೆದು ಹೋದರೆ ಒಂದು ಗಂಟೆಯ ದಾರಿಯೂ ಇಲ್ಲ. ಬದುಕಿನ ದಾರಿಯಲ್ಲಿ ಬಹಳ ದೂರ.

ಬಿನ್ನಿಪೇಟೆಯ ಮಗ್ಗದ ಮುಂದೆ ನಿಲ್ಲುವವನಿಗೆ ನೆಹರೂ ವಂಶದ ಆಳ್ವಿಕೆಯ ಅಪಾಯವನ್ನು ವಿವರಿಸುವುದು ಹೇಗೆ? ಸಂಸ್ಥೆಗಳು ವ್ಯಕ್ತಿಗಳಿಗಿಂತ ದೊಡ್ಡವಾಗಿರಬೇಕು, ಅಧಿಕಾರ ಒಂದೇ ಕೈಯಲ್ಲಿ ಸೇರಬಾರದು ಎಂಬುದು ಸತ್ಯವೇ. ನಾಲ್ಕು ವರ್ಷಗಳಲ್ಲಿ ಅದು ಎಷ್ಟು ಸತ್ಯವೆಂಬುದನ್ನು ದೇಶವೆಲ್ಲ ಕಂಡಿತು. ಆದರೆ 1971ರಲ್ಲಿ ಆ ಮಾತಿಗೆ ಹೊಟ್ಟೆಯ ಭಾಷೆಯಲ್ಲಿ ಅನುವಾದವಿರಲಿಲ್ಲ. ‘ಗರೀಬಿ ಹಠಾವೋ’ ಎಂಬ ಎರಡು ಹಿಂದಿ ಶಬ್ದ ಕನ್ನಡಿಗನಿಗೂ ತಮಿಳನಿಗೂ ತಿಳಿಯಿತು. ಬಡತನ ಹೋಯಿತೋ ಇಲ್ಲವೋ ಎಂಬುದು ಆಮೇಲಿನ ಕಥೆ.

ಮಧ್ಯಮವರ್ಗವಾದರೂ ಅಡಿಗರ ಕಡೆ ಸಾರಾಸಗಟಾಗಿ ಇತ್ತೇ? ಇಲ್ಲಿ ಒಂದು ವಿಚಾರ ಹೇಳಬೇಕು. ಇದನ್ನು ಯಾರೂ ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಬೆಂಗಳೂರಿನ ಮಧ್ಯಮವರ್ಗವನ್ನು ಸ್ವಾತಂತ್ರ್ಯಾನಂತರ ಸಾಕಿದವರು ಯಾರು? 1940ರಲ್ಲೇ ಬಂದ ವಿಮಾನ ಕಾರ್ಖಾನೆ, 1948ರ ಟೆಲಿಫೋನು ಕಾರ್ಖಾನೆ, 1953ರ ಎಚ್.ಎಂ.ಟಿ., 1954ರ ಭಾರತ್ ಎಲೆಕ್ಟ್ರಾನಿಕ್ಸು. ಇವೆಲ್ಲ ಸರ್ಕಾರದ ಸ್ವತ್ತು. ಭಾನುವಾರ ನೆಹರೂ ನೀತಿಯನ್ನು ಟೀಕಿಸುವ ಮನೆಯ ಯಜಮಾನರು ಸೋಮವಾರ ಬೆಳಗ್ಗೆ ಏರುತ್ತಿದ್ದ ಬಸ್ಸು ನೆಹರೂ ಕಟ್ಟಿಸಿದ ಕಾರ್ಖಾನೆಯದು. ಬ್ಯಾಂಕುಗಳ ರಾಷ್ಟ್ರೀಕರಣವನ್ನು ಸ್ವತಂತ್ರ ಪಕ್ಷದವರು ಅನಾಹುತವೆಂದರು. ಬ್ಯಾಂಕಿನ ಗುಮಾಸ್ತನಿಗೆ ಅದು ಕೆಲಸದ ಭದ್ರತೆ. ಸಂಪ್ರದಾಯಪರ ಪಕ್ಷಕ್ಕೆ ಬೇಕಾದ ಮನೋಭಾವ ಈ ಊರಿನಲ್ಲಿ ಧಾರಾಳವಾಗಿತ್ತು, ಅದರ ಅರ್ಥನೀತಿಗೆ ಬೇಕಾದ ಗಿರಾಕಿ ಇರಲಿಲ್ಲ.

ಇನ್ನು ಎದುರಾಳಿ. ಹನುಮಂತಯ್ಯನವರು ಸಾಮಾನ್ಯರಲ್ಲ. 1908ರಲ್ಲಿ ರಾಮನಗರದ ಹತ್ತಿರ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ವಕೀಲರಾಗಿ, ಜೈಲು ಕಂಡು, 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದವರು. ವಿಧಾನಸೌಧವನ್ನು ನೋಡಿದವರಿಗೆ ಅವರ ಪರಿಚಯ ಬೇರೆ ಹೇಳಬೇಕಿಲ್ಲ. ಹಳೆಯ ಮೈಸೂರಿನ ತಮ್ಮವರನ್ನೇ ಎದುರುಹಾಕಿಕೊಂಡು ಏಕೀಕರಣದ ಪರವಾಗಿ ನಿಂತವರು. ಏಕೀಕೃತ ರಾಜ್ಯ ಹುಟ್ಟುವುದಕ್ಕೆ ಎರಡೂವರೆ ತಿಂಗಳ ಮೊದಲು ಪದವಿ ಕಳೆದುಕೊಂಡವರು. ಕುಮಾರವ್ಯಾಸ ಭಾರತದ ಅಗ್ಗದ ಮುದ್ರಣ ಜನಸಾಮಾನ್ಯರ ಮನೆ ಸೇರುವಂತೆ ಮಾಡಿದ ಯೋಜನೆಗೆ ಇಂದಿಗೂ ಅವರ ಹೆಸರು ಅಂಟಿಕೊಂಡಿದೆ. 1962ರಿಂದ ಬೆಂಗಳೂರಿನ ಪ್ರತಿನಿಧಿ ಅವರೇ. ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, 1970ರಲ್ಲಿ ಕೇಂದ್ರದ ಕಾನೂನು ಮಂತ್ರಿಯಾಗಿ ದೆಹಲಿಯಲ್ಲಿ ತೂಕ ಪಡೆದವರು. ಅಂದರೆ ಅಡಿಗರ ಎದುರು ನಿಂತದ್ದು ಹಳ್ಳಿಯ ದೊಡ್ಡತನವೂ ಕನ್ನಡದ ಅಭಿಮಾನವೂ ಸೇರಿದ ವ್ಯಕ್ತಿ. ‘ಕನ್ನಡದ ಕವಿಗೆ ಓಟು ಕೊಡಿ’ ಎಂದು ಕೇಳುವ ಅನುಕೂಲ ಕೂಡ ಈ ಎದುರಾಳಿಯ ಮುಂದೆ ಅರ್ಧಕ್ಕರ್ಧ ಕರಗಿಹೋಗುತ್ತಿತ್ತು.

ಆ ಅನುಕೂಲಕ್ಕೆ ಇನ್ನೂ ಒಂದು ತೊಡಕು. ಜನಸಂಘವೆಂದರೆ ದಕ್ಷಿಣದಲ್ಲಿ ಹಿಂದಿಯ ಪಕ್ಷ. 1965ರ ಭಾಷಾ ಗಲಭೆಯ ಬಿಸಿ ಇನ್ನೂ ಆರಿರಲಿಲ್ಲ. ಬೆಂಗಳೂರಿನಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಎಬ್ಬಿಸಿದ ಕನ್ನಡ ಚಳುವಳಿ ಬೀದಿಗಿಳಿದಿತ್ತು. 1967ರಲ್ಲಿ ಚಾಮರಾಜಪೇಟೆಯಿಂದ ವಾಟಾಳ್ ನಾಗರಾಜರು ವಿಧಾನಸಭೆಗೆ ಹೋದದ್ದು ಆ ಅಲೆಯ ಮೇಲೆ. ಸಾಹಿತ್ಯ ಪರಿಷತ್ತಿರುವ ಪೇಟೆಯೇ ಕನ್ನಡದ ಓಟನ್ನು ಹೀಗೆ ಬೇರೆ ಪಾತ್ರೆಗೆ ಸುರಿದಿದ್ದಾಗ, ಕನ್ನಡಕ್ಕೆ ಹೊಸ ನುಡಿಗಟ್ಟನ್ನೇ ಕೊಟ್ಟ ಕವಿ ಉತ್ತರದ ಪಕ್ಷದ ಚೀಟಿ ಹಿಡಿದು ಬಂದರು. ಪಕ್ಷದ ಸ್ಥಿತಿ ಹೇಗಿತ್ತೆಂಬುದಕ್ಕೆ ಇನ್ನೊಂದು ನಿದರ್ಶನ ಸಾಕು. ನರಗುಂದದ ಜಗನ್ನಾಥರಾವ್ ಜೋಶಿಯವರು ಕನ್ನಡದಲ್ಲಿ ಸಭೆಯನ್ನು ನಗಿಸಿ ಕೆರಳಿಸಬಲ್ಲ ಮಾತುಗಾರರು, ಗೋವಾ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಅವರು ಲೋಕಸಭೆಗೆ ಹೋದದ್ದು 1967ರಲ್ಲಿ ಭೋಪಾಲದಿಂದ, 1971ರಲ್ಲಿ ಶಾಜಾಪುರದಿಂದ, ಎರಡೂ ಮಧ್ಯಪ್ರದೇಶದ ಕ್ಷೇತ್ರಗಳು. ಕನ್ನಡನಾಡಿನಲ್ಲಿ ಬೆಳೆದ ಬೀಜ ಮಾಳವದಲ್ಲಿ ಫಲ ಕೊಟ್ಟಿತು!

ಗುರುತುಗಳ ವಿಚಾರದಲ್ಲಿಯೂ ಆ ವರ್ಷ ವಿಧಿ ನಗೆಯಾಡಿತು. ಜೋಡೆತ್ತಿನ ಹಳೆಯ ಗುರುತು ಯಾವ ಕಾಂಗ್ರೆಸ್ಸಿಗೂ ದಕ್ಕದೆ, ಇಂದಿರಾ ಅವರ ಪಕ್ಷಕ್ಕೆ ಹಸು-ಕರು, ಹಳಬರಿಗೆ ಚರಕ ನೂಲುವ ಹೆಂಗಸು ಎಂದಾಯಿತು. 1966ರ ನವೆಂಬರಿನಲ್ಲಿ ಗೋಹತ್ಯೆ ನಿಷೇಧಕ್ಕಾಗಿ ದೆಹಲಿಯಲ್ಲಿ ನಡೆದ ಚಳುವಳಿಯಲ್ಲಿ ಮುಂದಿದ್ದವರಲ್ಲಿ ಜನಸಂಘದವರೂ ಇದ್ದರು. ಐದು ವರ್ಷದೊಳಗೆ ಗೋವು ಎದುರು ಪಕ್ಷದ ಗೋಡೆಗಳ ಮೇಲೆ ಕರುವಿನ ಸಮೇತ ನಿಂತುಕೊಂಡಿತು. ಟೆಲಿವಿಷನ್ನು ಇನ್ನೂ ಬಾರದ ಊರು ಅದು. ಪ್ರಚಾರವೆಂದರೆ ಗೋಡೆಬರಹ, ಕರಪತ್ರ, ಧ್ವನಿವರ್ಧಕ ಕಟ್ಟಿದ ಜಟಕಾ ಅಥವಾ ಕಾರು, ಸಂಜೆಯ ಮೈದಾನದ ಸಭೆ. ಓದುಬರಹ ಬಾರದ ಮತದಾರನಿಗೆ ಚೀಟಿಯ ಮೇಲೆ ಕಾಣುವುದು ಚಿತ್ರ ಮಾತ್ರ. ಒಂದು ಕಡೆ ದೀಪ, ಒಂದು ಕಡೆ ಹಸು. ಒಂದೊಂದು ಶಬ್ದಕ್ಕೂ ಮೂರು ಅರ್ಥ ತುಂಬುವ ಕವಿಗೆ, ತನ್ನ ಹೆಸರಿಗಿಂತ ಒಂದು ಹಣತೆಯ ಚಿತ್ರ ಮುಖ್ಯವಾಗುವ ಈ ವ್ಯವಹಾರ ಎಂಥ ವಿಚಿತ್ರವೆನಿಸಿರಬೇಡ!

ಮಾರ್ಚ್ 1ರಿಂದ 10ರವರೆಗೆ ದೇಶದಲ್ಲಿ ಮತದಾನ ನಡೆಯಿತು. ಫಲಿತಾಂಶ ಬಂದಾಗ ಹಸು-ಕರುವಿನ ಪಕ್ಷಕ್ಕೆ 352 ಸ್ಥಾನ. ಜನಸಂಘ 35ರಿಂದ 22ಕ್ಕೆ ಇಳಿಯಿತು. ಸ್ವತಂತ್ರ ಪಕ್ಷ 44ರಿಂದ 8ಕ್ಕೆ. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ಸು ಗುಡಿಸಿಕೊಂಡು ಹೋಯಿತು. ಅಡಿಗರು ಸೋತರು, ಆದರೆ ಆ ದಿನ ಈ ರಾಜ್ಯದಲ್ಲಿ ಸೋಲದೆ ಉಳಿದ ಎದುರು ಪಕ್ಷದವರು ಯಾರೂ ಇಲ್ಲ. ಸ್ವತಂತ್ರ ಪಕ್ಷದ ಲೋಬೊ ಪ್ರಭು 1967ರಲ್ಲಿ ಗೆದ್ದಿದ್ದ ಉಡುಪಿ ಹೋಯಿತು; ಚುಟುಕಗಳ ಕವಿ ದಿನಕರ ದೇಸಾಯಿಯವರು ಪಕ್ಷೇತರರಾಗಿ 1967ರಲ್ಲಿ ಗೆದ್ದಿದ್ದ ಕಾರವಾರದ ಸ್ಥಾನವೂ ಹೋಯಿತು. ವೀರೇಂದ್ರ ಪಾಟೀಲರ ಸರ್ಕಾರ ಅದೇ ತಿಂಗಳು ಉರುಳಿತು. ದೆಹಲಿಯಲ್ಲಿ ಜನಸಂಘದ ಬಲರಾಜ ಮಧೋಕರು, ಮತಪತ್ರಗಳಿಗೆ ಮಾಯವಾಗುವ ಶಾಯಿ ಹಚ್ಚಿದ್ದರು, ಅದು ರಷ್ಯದಿಂದ ಬಂದದ್ದು ಎಂದು ದೂರಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಆದರೆ ಆರೋಪ ನಿಲ್ಲಲಿಲ್ಲ. ಮತದಾರ ತಮ್ಮನ್ನು ನಿಜವಾಗಿಯೂ ಬೇಡವೆಂದನೆಂಬುದನ್ನು ನಂಬಲಾಗದಿದ್ದಾಗ ಬುದ್ಧಿವಂತರು ಕೂಡ ಇಂಥ ಕಥೆಗಳಿಗೆ ಕಿವಿಗೊಡುತ್ತಾರೆ.

ಅಡಿಗರಿಗೆ ಓಟಿನ ಸೋಲಿಗಿಂತ ಬೇರೊಂದು ನಷ್ಟ ಹೆಚ್ಚು ನೋವಿನದಾಗಿದ್ದಿರಬೇಕು. ಅವರ ಕಾವ್ಯವನ್ನು ಮೊದಲು ಅರ್ಥಮಾಡಿಕೊಂಡು ಎತ್ತಿಹಿಡಿದ ಕಿರಿಯರಲ್ಲಿ ಮುಖ್ಯರಾದ ಯು.ಆರ್. ಅನಂತಮೂರ್ತಿಯವರು ಲೋಹಿಯಾ ವಿಚಾರದ ಸಮಾಜವಾದಿಗಳು. ಮೈಸೂರಿನ ದಿನಗಳಲ್ಲಿ ಕಾಫಿ ಕುಡಿಯುತ್ತ ಮಾತಿಗೆ ಮಾತು ಬೆಳೆಸಿದ ಆ ವಲಯ ಅಡಿಗರ ಪದ್ಯಗಳನ್ನು ಬಿಡಲಿಲ್ಲ, ಅವರ ರಾಜಕೀಯವನ್ನು ಒಪ್ಪಲೂ ಇಲ್ಲ. ಗುರುವಿನ ಕವಿತೆ ತಲೆಯ ಮೇಲೆ, ಗುರುವಿನ ಪಕ್ಷ ಬಾಗಿಲ ಹೊರಗೆ ಎಂಬ ಈ ನಿಲುವು ಶಿಷ್ಯರಿಗೂ ಸುಲಭವಾಗಿರಲಾರದು. ಸಮಾಜವಾದಿಗಳ ಒಂದು ಬಣವೇ ಆಗ ಜನಸಂಘದ ಜೊತೆ ಮೈತ್ರಿಯಲ್ಲಿತ್ತೆಂಬುದನ್ನು ನೆನೆದರೆ, ರಾಜಕೀಯದವರು ಒಂದು ವಾರದಲ್ಲಿ ಮಾಡಿಕೊಳ್ಳುವ ರಾಜಿಯನ್ನು ಸಾಹಿತಿಗಳು ಒಂದು ಜನ್ಮದಲ್ಲಿ ಮಾಡಿಕೊಳ್ಳಲಾರರು ಎಂದು ಹೇಳಬೇಕಾಗುತ್ತದೆ. ಇದು ಸಾಹಿತಿಗಳ ಹೆಚ್ಚುಗಾರಿಕೆಯೋ ದೌರ್ಬಲ್ಯವೋ, ಓದುಗರೇ ತೀರ್ಮಾನಿಸಲಿ.

ಆದರೆ ಮರುವರ್ಷದ ಒಂದು ಘಟನೆ ಈ ಲೆಕ್ಕವನ್ನೆಲ್ಲ ಕಲಕಿಬಿಡುತ್ತದೆ. 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು, ಇನ್ನೂ ಐವತ್ತು ತುಂಬುವ ಮುನ್ನ. ಅವರನ್ನು ಕುರಿತು ‘ಶಾಂತವೇರಿಯ ಅಶಾಂತ ಸಂತ’ ಎಂಬ ಪದ್ಯ ಬರೆದವರು ಬೇರಾರೂ ಅಲ್ಲ, ಅಡಿಗರು. ಗೌಡರ ಅನುಯಾಯಿಗಳು ಇಂದಿಗೂ ತಮ್ಮ ನಾಯಕನನ್ನು ಕರೆಯುವುದು ಆ ಹೆಸರಿನಿಂದಲೇ. ಜನಸಂಘದ ಸೋತ ಉಮೇದುವಾರ ಕೊಟ್ಟ ಬಿರುದು ಸಮಾಜವಾದಿ ನಾಯಕನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿದೆ. ಪಕ್ಷದ ಹಣೆಪಟ್ಟಿಯಿಂದ ಮನುಷ್ಯನನ್ನು ಅಳೆಯುವವರು ಇದಕ್ಕೆ ಏನು ಹೇಳುತ್ತಾರೋ ಕಾಣೆ. ಅದೇ 1972ರಲ್ಲಿ ‘ವರ್ಧಮಾನ’ ಸಂಗ್ರಹ ಬಂತು. 1974ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ. ಉದ್ಯೋಗಕ್ಕಾಗಿ ಅಡಿಗರು ದೆಹಲಿಗೆ ಹೋದದ್ದುಂಟು, ಆದರೆ ಪಾರ್ಲಿಮೆಂಟಿಗಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ಕೆಲಸಕ್ಕೆ. ಆಮೇಲೆ ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ.

ಬರಹಗಾರರು ಚುನಾವಣೆಗೆ ನಿಂತು ಸೋಲುವುದು ಅಪರೂಪವೇನೂ ಅಲ್ಲ. ಶಿವರಾಮ ಕಾರಂತರು 1989ರಲ್ಲಿ ಪರಿಸರದ ಪ್ರಶ್ನೆಯನ್ನೆತ್ತಿಕೊಂಡು ಕೆನರಾ ಕ್ಷೇತ್ರದಲ್ಲಿ ನಿಂತರು, ಸೋತರು. ದೂರದ ಪೆರು ದೇಶದಲ್ಲಿ ಕಾದಂಬರಿಕಾರ ಮಾರಿಯೊ ವರ್ಗಾಸ್ ಲೋಸಾ 1990ರಲ್ಲಿ ಅಧ್ಯಕ್ಷ ಪದವಿಗೆ ನಿಂತರು. ತರುಣನಾಗಿದ್ದಾಗ ಎಡಪಂಥೀಯ, ಆಮೇಲೆ ಮುಕ್ತ ಮಾರುಕಟ್ಟೆಯ ಪಕ್ಷಪಾತಿ. ಮೊದಲ ಸುತ್ತಿನಲ್ಲಿ ಮುಂದಿದ್ದು, ಎರಡನೆಯ ಸುತ್ತಿನಲ್ಲಿ ಹೆಚ್ಚು ಹೆಸರಿಲ್ಲದ ಫುಜಿಮೋರಿಯ ಎದುರು ಸೋತರು. ಲೋಸಾ ತಮ್ಮ ಸೋಲಿನ ಕಥೆಯನ್ನು ಒಂದು ದೊಡ್ಡ ಆತ್ಮಕಥೆಯನ್ನಾಗಿ ಬರೆದರು. ನಮ್ಮ ನವ್ಯದ ಗುರುವಿನ ಚುನಾವಣೆಗೆ ಅಂಥದೊಂದು ದೊಡ್ಡ ಕಥನ ಕನ್ನಡದಲ್ಲಿ ಪ್ರಸಿದ್ಧವಾಗಲಿಲ್ಲ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿಯವರನ್ನು ಮರುದಿನ ಇಲ್ಲಿಯೇ ಹಿಡಿದು ಇಲ್ಲಿಯ ಸೆಂಟ್ರಲ್ ಜೈಲಿಗೆ ಹಾಕಿದರು. ಅಡಿಗರು ಆ ಆಳ್ವಿಕೆಯನ್ನು ವಿರೋಧಿಸಿದರು; ನೆಹರೂ ಪದ್ಯ ಬರೆದವರು ಮತ್ತೇನು ಮಾಡಿಯಾರು? 1977ರಲ್ಲಿ ಮತ್ತೆ ಚುನಾವಣೆ. ಕರ್ನಾಟಕದ 28 ಸ್ಥಾನಗಳಲ್ಲಿ 26 ಮತ್ತೆ ಕಾಂಗ್ರೆಸ್ಸಿಗೇ ಹೋದವು. ಹೋಗದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಬೆಂಗಳೂರು ದಕ್ಷಿಣದಲ್ಲಿ ಸೋತವರು ಹನುಮಂತಯ್ಯನವರು. ಗೆದ್ದವರು ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರು, ಅಡಿಗರಂತೆಯೇ ದಕ್ಷಿಣ ಕನ್ನಡದಿಂದ ಬಂದವರು. ರಾಜಧನದ ಮೊಕದ್ದಮೆಯಲ್ಲಿ ತೀರ್ಪಿತ್ತ ಪೀಠದಲ್ಲಿದ್ದು, 1973ರಲ್ಲಿ ಹಿರಿತನ ಕಡೆಗಣಿಸಲ್ಪಟ್ಟಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟವರು. ಅಡಿಗರ ಜನಸಂಘ ಆಗ ಜನತಾ ಪಕ್ಷದೊಳಗೆ ಕರಗಿತ್ತು. ಆರು ವರ್ಷದ ಹಿಂದೆ ಓದುಗರ ಬೆಂಗಳೂರಿಗೂ ಬಿನ್ನಿಪೇಟೆಗೂ ಒಟ್ಟಿಗೆ ತಿಳಿಯುವಂತೆ ಹೇಳಲಾಗದಿದ್ದ ಮಾತನ್ನು ತುರ್ತುಪರಿಸ್ಥಿತಿಯೇ ಹೇಳಿಕೊಟ್ಟಿತ್ತು.

ಹನುಮಂತಯ್ಯನವರು 1980ರ ಡಿಸೆಂಬರಿನಲ್ಲಿ ಕಣ್ಮುಚ್ಚಿದರು. ಜನಸಂಘದ ವಾರಸುದಾರನಾದ ಭಾರತೀಯ ಜನತಾ ಪಕ್ಷ ತನ್ನದೇ ಹೆಸರಿನಲ್ಲಿ ಬೆಂಗಳೂರು ದಕ್ಷಿಣವನ್ನು ಗೆದ್ದದ್ದು 1991ರಲ್ಲಿ, ಅರ್ಥಶಾಸ್ತ್ರದ ಪ್ರೊಫೆಸರ್ ಕೆ. ವೆಂಕಟಗಿರಿ ಗೌಡರ ಮೂಲಕ. ಅಲ್ಲಿಂದ 2024ರವರೆಗಿನ ಪ್ರತಿಯೊಂದು ಲೋಕಸಭಾ ಚುನಾವಣೆಯಲ್ಲಿಯೂ ಆ ಸ್ಥಾನ ಅದರ ಕೈಯಲ್ಲೇ ಉಳಿದಿದೆ. ಮೊದಲ ಗೆಲುವನ್ನು ಅಡಿಗರು ಕಂಡರು. ಅವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 1992ರ ನವೆಂಬರ್ 14, ನೆಹರೂ ಹುಟ್ಟಿದ ದಿನ. ಬಿನ್ನಿಪೇಟೆಯ ಹೆಸರಿನಲ್ಲಿದ್ದ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಯಿತು. ಗಿರಣಿ ಅದಕ್ಕೆ ಮೊದಲೇ ನಿಂತಿತ್ತು. ಅದರ ನೆಲದ ಮೇಲೆ ಈಗ ಎತ್ತರದ ವಸತಿ ಕಟ್ಟಡಗಳು ಎದ್ದಿವೆ, ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಅಲ್ಲಿ ಲಿಫ್ಟು ಹತ್ತಿ ಮನೆಮನೆಗೆ ಹೋಗುತ್ತಾರೆ.